ದತ್ತು ಅಂದ್ರ ಕಡೀ ದಾರಿ ಅಲ್ರೀ

ನಿನ್ನೆ ಧಾರವಾಡದ ಸಪ್ತಾಪುರದಲ್ಲಿ ಒಂದು ಕುಬಸಕ್ಕೆ ಹೋಗಿದ್ದೆ. ಬಂದಾಗಿನಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ.

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ, ಸೊಸೆ ಬಂದಿದ್ದರು. ಅವನಿಗೆ 28, ಅವಳಿಗೆ 27, ಮದುವೆಯಾಗಿ ಮೂರು ವರ್ಷ. ಇಲ್ಲಿಂದ ಒಂದು ಕೂಸನ್ನು ದತ್ತು ತಗೊಳ್ಳುವ ವಿಚಾರ ಅವರದು. ಪಂಕ್ತಿಯಲ್ಲಿ ಹುಡುಗಿ ಅದನ್ನು ಬಾಯಿಬಿಟ್ಟಿದ್ದೇ ತಡ, ‘ಯವ್ವಾ, ನಿನಗೇನ್ ವಯಸ್ಸಾಗೇತಿ? ಮದ್ಲ ಡಾಕ್ಟರಿಗೆ ತೋರಸ್ರಿ. ಆಗಲಿಲ್ಲಂದ್ರ ನಲವತ್ತರ ಮ್ಯಾಲೆ ನೋಡಿದ್ರಾತು’ ಅಂತ ನಾಲ್ಕೂ ಕಡೆಯಿಂದ ಶುರುವಾಯಿತು. ಹೋಳಿಗೆ ಮೇಲಿನ ತುಪ್ಪ ಹೆಪ್ಪುಗಟ್ಟಿತು, ಆಕೆ ಎಲೆ ಮುಟ್ಟಲಿಲ್ಲ.

ಕಾನೂನು ಕೇಳುವುದೇನು? ಗಂಡ ಹೆಂಡತಿ ಇಬ್ಬರ ಒಪ್ಪಿಗೆ, ಕನಿಷ್ಠ ಎರಡು ವರ್ಷದ ನೆಟ್ಟಗಿನ ಸಂಸಾರ, ಕೂಸಿಗೂ ಅವರಿಗೂ 25 ವರ್ಷದ ಅಂತರ, ಆರೋಗ್ಯ, ಸಾಕುವ ಶಕ್ತಿ. ಪರದೇಶದಲ್ಲಿದ್ದವರು ಅಲ್ಲಿಯ ಮಾನ್ಯತೆ ಪಡೆದ ಏಜೆನ್ಸಿ ಮೂಲಕ, ದತ್ತು ಕೆಲಸ ನೋಡಿಕೊಳ್ಳುವ ನಮ್ಮ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ಕ್ಕೆ ಅರ್ಜಿ ಹಾಕಬೇಕು. ಸರದಿಯಲ್ಲಿ ಎನ್‌ಆರ್‌ಐಗಳಿಗೂ ಇಲ್ಲಿಯವರಷ್ಟೇ ಆದ್ಯತೆ. ಮಕ್ಕಳಾಗುವುದಿಲ್ಲ ಅನ್ನುವ ಚೀಟಿಯನ್ನು ಯಾವ ನಿಯಮವೂ ಕೇಳುವುದಿಲ್ಲ. ನಮ್ಮ ಮಂದಿಗೆ ಮಾತ್ರ ಅದೇ ಮೊದಲು ಬೇಕು!

ನಲವತ್ತರ ಮೇಲೆ ಅಂದವರು ಒಂದು ಲೆಕ್ಕ ಕೇಳಲಿ. 2022ರ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಕೂಸು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ದಾಟುವಂತಿಲ್ಲ. ತಡ ಮಾಡಿದವರಿಗೇ ಬಾಗಿಲು ಮುಚ್ಚುವುದು.

ನನಗೆ ಗೊತ್ತು. 2023ರಲ್ಲಿ ನನಗೆ 42, ನಮ್ಮ ಮನೆಯವರಿಗೆ 46. ಕೂಡಿಸಿದರೆ 88. ಹರಕೆ, ಆಸ್ಪತ್ರೆ, ಮತ್ತೆ ಹರಕೆ ಅಂತ ಹದಿನೈದು ವರ್ಷ ಕಳೆದು ಹೋಗಿದ್ದವು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90ರವರೆಗೆ ಅವಕಾಶ ಇತ್ತು. ‘ದೊಡ್ಡ ಕೂಸು ಹೊಂದಿಕೊಳ್ಳೂದಿಲ್ಲ’ ಅಂದರು ಹಿರಿಯರು. ನಾನು ಸುಮ್ಮನಾದೆ. ಆ ತಪ್ಪು ನನ್ನದೇ, ಬೇರೆ ಯಾರದೂ ಅಲ್ಲ.

ನಾಳೆ ಸ್ವಂತ ಮಗು ಹುಟ್ಟಿದರೆ ಈ ಕೂಸಿನ ಗತಿಯೇನು ಅಂತ ಒಬ್ಬರು ಕೇಳಿದರು. ಎರಡನೇ ಮಗು ಹುಟ್ಟಿದಾಗ ಮೊದಲನೆಯದರ ಗತಿಯೇನು ಅಂತ ಯಾರನ್ನಾದರೂ ಕೇಳಿದ್ದೀರಾ? ಹೆತ್ತ ಮಗುವಿದ್ದವರಿಗೂ ದತ್ತು ತಗೊಳ್ಳಲು ಕಾನೂನು ಬಿಡುತ್ತದೆ.

ರಾತ್ರಿ ಹುಬ್ಬಳ್ಳಿಗೆ ವಾಪಸ್ ಬರುವಾಗ ಕಾರಿನಲ್ಲಿ ಆ ಹುಡುಗಿ ಮೆಲ್ಲಗೆ ಕೇಳಿದಳು: ‘ಅತ್ತಿ, ಕೂಸು ಮನಿಗೆ ಬಂದಾಗ ನೀವ ತೊಟ್ಲಾಗ ಹಾಕ್ತೀರೇನ್ರಿ?’

ಅತ್ತೆಯವರ ಕಾಲದ ತೊಟ್ಟಿಲು ಅಟ್ಟದ ಮೇಲಿದೆ. ಇವತ್ತು ಬೆಳಿಗ್ಗೆ ಇಳಿಸಿ ಒರೆಸಿಟ್ಟೆ.