ಹೋಮ್ ಲೋನ್ ಜೊತೆ ಬ್ಯಾಂಕಿನವರು ಕೊಡುವ ಇನ್ಶೂರೆನ್ಸ್: ತಗೋಬೇಕಾ, ಬೇಡ್ವಾ?

ಪರ: ತಗೊಳ್ಳಿ, ಅಲ್ಲೇ ಮುಗಿಸಿ

ಸಾಲಕ್ಕೆ ಸಹಿ ಹಾಕುವ ದಿನ ಮೇಜಿನ ಮೇಲೆ ಇನ್ನೊಂದು ಅರ್ಜಿಯೂ ಬಂದು ಕೂರುತ್ತದೆ. ಸಾಲ ತಗೊಂಡವರು ತೀರಿಹೋದರೆ ಬಾಕಿ ಸಾಲವನ್ನು ವಿಮಾ ಕಂಪನಿ ಕಟ್ಟುತ್ತದೆ, ಅದಕ್ಕೆ ಒಂದೇ ಕಂತಿನ ಪ್ರೀಮಿಯಂ. ನೋಡಿದ ಕೂಡಲೇ 'ಕಮಿಷನ್‌ಗೋಸ್ಕರ ತಗುಲಿಹಾಕ್ತಾರೆ' ಅಂತ ಬೈಯುವವರೇ ಜಾಸ್ತಿ. ಕಮಿಷನ್ ಇರೋದು ನಿಜ. ಆದರೆ 'ಬೇರೆ ಕಡೆ ಟರ್ಮ್ ಪ್ಲಾನ್ (ಇಷ್ಟು ವರ್ಷದೊಳಗೆ ತೀರಿಹೋದರೆ ಮನೆಯವರಿಗೆ ದುಡ್ಡು ಕೊಡುವ ಜೀವ ವಿಮೆ) ತಗೊಳ್ಳಿ' ಅಂತ ಬುದ್ಧಿ ಹೇಳುವವರಿಗೆ ಒಂದು ವಿಷಯ ನೆನಪೇ ಇರಲ್ಲ. ಟರ್ಮ್ ಪ್ಲಾನ್ ಎಲ್ಲರಿಗೂ ಸಿಗಲ್ಲ.

ದಾವಣಗೆರೆಯಲ್ಲೋ ಹಾಸನದಲ್ಲೋ ಒಂದು ಸಣ್ಣ ಅಂಗಡಿ ಇಟ್ಟುಕೊಂಡವರನ್ನು ತಗೊಳ್ಳಿ. ವಯಸ್ಸು 47, ಶುಗರ್ ಇದೆ, ಬಿಪಿ ಮಾತ್ರೆ ನಡೀತಿದೆ, ಐಟಿ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯ ಅಷ್ಟಕ್ಕಷ್ಟೆ. ಇವರು ಟರ್ಮ್ ಪಾಲಿಸಿಗೆ ಹೋದರೆ ರಕ್ತ ಪರೀಕ್ಷೆ, ಇಸಿಜಿ, ಆದಾಯದ ದಾಖಲೆ ಎಲ್ಲಾ ಆಗಿ ಕೊನೆಗೆ ಪ್ರೀಮಿಯಂ ಏರಿಸುತ್ತಾರೆ, ಇಲ್ಲಾ ಅರ್ಜಿಯನ್ನೇ ವಾಪಸ್ ಕಳಿಸುತ್ತಾರೆ. ಬ್ಯಾಂಕಿನದು ಗುಂಪು ವಿಮೆ, ಸಾಲ ತಗೊಂಡವರನ್ನೆಲ್ಲ ಒಟ್ಟಿಗೆ ಸೇರಿಸಿದ್ದು. ಒಂದು ಮಿತಿಯವರೆಗೆ ತಪಾಸಣೆ ಕಡಿಮೆ, ಎಷ್ಟೋ ಕಡೆ ಆರೋಗ್ಯದ ಬಗ್ಗೆ ಬರೆದುಕೊಟ್ಟರೆ ಸಾಕು. ಇದ್ದದ್ದನ್ನು ಇದ್ದ ಹಾಗೆ ಬರೆದರೂ ಒಳಗೆ ಹೋಗುವ ಸಾಧ್ಯತೆ ಇಲ್ಲೇ ಹೆಚ್ಚು.

ಎರಡನೆಯದು, ನಮ್ಮ ಶಿಸ್ತು. ಟರ್ಮ್ ಪಾಲಿಸಿಗೆ ವರ್ಷಾ ವರ್ಷಾ ಕಟ್ಟಬೇಕು, ತಪ್ಪಿದರೆ 30 ದಿನ ಕಾಯುತ್ತಾರೆ, ಆಮೇಲೆ ಲ್ಯಾಪ್ಸ್. ವ್ಯಾಪಾರ ಕುಸಿದ ವರ್ಷ, ಮಗಳ ಕಾಲೇಜು ಫೀಸು ಬಂದ ವರ್ಷ ಮೊದಲು ಬಿಟ್ಟುಹೋಗೋದು ಇದೇ ತಾನೇ? ಒಂದೇ ಕಂತಿನದಕ್ಕೆ ಆ ತಾಪತ್ರಯ ಇಲ್ಲ.

ಇನ್ನು ಸಾವಾದ ಮನೆಯಲ್ಲಿ ನಡೆಯುವುದನ್ನು ನೋಡಿ. 50 ಲಕ್ಷ ಸಾಲ, 20 ವರ್ಷ, ಬಡ್ಡಿ 8.5% ಅಂದರೆ ಇಎಂಐ ಸುಮಾರು 43,400. ಹತ್ತು ವರ್ಷ ಕಟ್ಟಿದ ಮೇಲೂ ಬಾಕಿ ಸುಮಾರು 35 ಲಕ್ಷ ಇರುತ್ತದೆ, ಯಾಕಂದರೆ ಮೊದಲ ವರ್ಷಗಳಲ್ಲಿ ಕಟ್ಟಿದ್ದರಲ್ಲಿ ಹೆಚ್ಚಿನದು ಬಡ್ಡಿಗೇ ಹೋಗಿರುತ್ತದೆ. ಹೆಂಡತಿ ಜಂಟಿ ಸಾಲಗಾರ್ತಿ ಆಗಿದ್ದರೆ ಅಷ್ಟೂ ಅವರ ತಲೆ ಮೇಲೆ. ಕಂತು 90 ದಿನ ದಾಟಿದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ), ಆಮೇಲೆ ಅಡವಿಟ್ಟ ಮನೆಯನ್ನು ಬ್ಯಾಂಕು ವಶಕ್ಕೆ ತಗೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು. ಅದೇ ಹೊತ್ತಿಗೆ ಅವರ ಖಾತೆಗೆ ಟರ್ಮ್ ಪಾಲಿಸಿಯ ದೊಡ್ಡ ಮೊತ್ತ ಬಂತು ಅಂತ ಗೊತ್ತಾದರೆ ಸಾಕು, ತಿಥಿ ಮುಗಿಯುವ ಮೊದಲೇ ಸೈಟು ತೋರಿಸುವವರು, ಚೀಟಿ ಸೇರಿಸುವವರು, 'ಆರು ತಿಂಗಳಲ್ಲಿ ವಾಪಸ್ ಕೊಡ್ತೀನಿ ಅತ್ತಿಗೆ' ಅನ್ನುವ ಮೈದುನ, ಎಲ್ಲಾ ಬರುತ್ತಾರೆ. ಬ್ಯಾಂಕಿನ ವಿಮೆಯ ದುಡ್ಡು ನೇರ ಸಾಲದ ಖಾತೆಗೆ ಹೋಗುತ್ತದೆ. ಮನೆಪತ್ರ ಕೈಗೆ ಬರುತ್ತದೆ. ದುಬಾರಿ ಅಂತೀರಾ? ಇರಲಿ, ಪ್ರೀಮಿಯಂ ಸಾಲಕ್ಕೆ ಸೇರಿಸದೆ ಕೈಯಿಂದ ಕಟ್ಟಿ.

ವಿರೋಧ: ಸಾಲ ಬ್ಯಾಂಕಿನದಿರಲಿ, ವಿಮೆ ನಿಮ್ಮದಿರಲಿ

'ಸರ್, ಇದು ಕಂಪಲ್ಸರಿ, ಇಲ್ಲಾಂದ್ರೆ ಫೈಲ್ ಮುಂದಕ್ಕೆ ಹೋಗಲ್ಲ.' ಹೋಮ್ ಲೋನ್‌ಗೆ ಜೀವ ವಿಮೆ ಕಡ್ಡಾಯ ಅಂತ ಆರ್‌ಬಿಐ ಆಗಲಿ, ವಿಮಾ ನಿಯಂತ್ರಕ ಐಆರ್‌ಡಿಎಐ ಆಗಲಿ ಹೇಳಿಲ್ಲ. ಹಾಗಂತ ವಿಮೆಯೇ ಬೇಡ ಅಂತ ನಾನು ಹೇಳ್ತಿಲ್ಲ. ವಿಮೆ ಇಲ್ಲದೆ 50 ಲಕ್ಷ ಸಾಲ ಮಾಡೋದು ಹುಚ್ಚುತನ. ಬೇಡ ಅನ್ನೋದು ಬ್ಯಾಂಕಿನ ಈ ಪ್ಯಾಕೇಜು.

ಲೆಕ್ಕ ಹಾಕಿ. ಪ್ರೀಮಿಯಂ 1.5 ಲಕ್ಷ ಅಂದುಕೊಳ್ಳಿ. 'ಕೈಯಿಂದ ಕೊಡೋದೇ ಬೇಡ, ಲೋನ್‌ಗೇ ಸೇರಿಸ್ತೀವಿ' ಅಂತಾರೆ, ನಾವೂ ಖುಷಿಯಾಗಿ ತಲೆಯಾಡಿಸುತ್ತೇವೆ. ಅದೇ 8.5ರ ಬಡ್ಡಿಗೆ 20 ವರ್ಷ ಅಂದರೆ ತಿಂಗಳಿಗೆ ಸುಮಾರು 1,300 ಜಾಸ್ತಿ, ಒಟ್ಟು 3.12 ಲಕ್ಷ. ಇದರ ಮೇಲೆ ತೆರಿಗೆ ಬೇರೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ, ಗುಂಪು ವಿಮೆಗೆ 18% ಹಾಗೇ ಇದೆ. ಕೈಯಿಂದ ಕಟ್ಟಿ ಅನ್ನುವ ಸಲಹೆ ಸರಿಯೇ, ಆದರೆ ನೋಂದಣಿ, ಸ್ಟ್ಯಾಂಪ್ ಡ್ಯೂಟಿ, ಇಂಟೀರಿಯರ್ ಅಂತ ಜೇಬು ಖಾಲಿಯಾಗಿರುವ ಹೊತ್ತಲ್ಲಿ ಯಾರ ಹತ್ತಿರ ಇರುತ್ತೆ ಹೇಳಿ?

ಯಾರೂ ಬಿಡಿಸಿ ಹೇಳದ ಇನ್ನೊಂದು ಸಂಗತಿ ಇದೆ. ಈ ವಿಮೆಯ ಮೊತ್ತ ಸಾಮಾನ್ಯವಾಗಿ ವರ್ಷಾ ವರ್ಷಾ ಇಳಿಯುತ್ತಾ ಹೋಗುತ್ತದೆ, ಎಷ್ಟು ಇಳಿಯಬೇಕು ಅನ್ನುವ ಪಟ್ಟಿ ಮೊದಲ ದಿನವೇ ತಯಾರು. ಆದರೆ ಸಾಲ ಆ ಪಟ್ಟಿಯ ಪ್ರಕಾರ ಇಳಿಯಬೇಕಲ್ಲ! ರೆಪೋ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 2022ರ ಮೇ ಮೊದಲಲ್ಲಿ 4% ಇದ್ದದ್ದು 2023ರ ಫೆಬ್ರವರಿಗೆ 6.5% ಆಯಿತು, ಹೋಮ್ ಲೋನ್ ಬಡ್ಡಿಯೂ ಅದರ ಜೊತೆ ಏರಿತು. ಎಷ್ಟೋ ಜನರಿಗೆ ಇಎಂಐ ಅಷ್ಟೇ ಇದ್ದು ಅವಧಿ ಮಾತ್ರ ವರ್ಷಗಟ್ಟಲೆ ಎಳೆದುಕೊಂಡಿತು. ಸಾಲ ಮೇಲೇ ಉಳಿಯಿತು, ವಿಮೆ ಹಳೇ ಪಟ್ಟಿ ಹಿಡಿದು ಇಳಿಯಿತು. 20 ವರ್ಷದ ಸಾಲಕ್ಕೆ 10 ವರ್ಷದ ಕವರ್ ಕೊಟ್ಟಿರೋದೂ ಉಂಟು, ಸರ್ಟಿಫಿಕೇಟ್ ತೆಗೆದು ನೋಡಿ. ಕಡಿಮೆ ಬಡ್ಡಿಗೆ ಅಂತ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗ ಮಾಡಿದರೆ ಅಲ್ಲಿಯೂ ಇಂಥದ್ದೇ ಇನ್ನೊಂದು ಅರ್ಜಿ ಕಾದಿರುತ್ತದೆ.

ಆರೋಗ್ಯದ ಪ್ರಶ್ನೆಗಳ ಹಾಳೆ ಇನ್ನೂ ಅಪಾಯ. ಶುಗರ್ ಇದೆಯಾ, ಹೃದಯದ ತೊಂದರೆ ಇದೆಯಾ, ಆಪರೇಷನ್ ಆಗಿದೆಯಾ ಅಂತ ಸಾಲಾಗಿ ಕೇಳಿರುತ್ತಾರೆ. ಅವಸರದಲ್ಲಿ ಎದುರಿಗೆ ಕೂತವರೇ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿ 'ಇಲ್ಲೊಂದು ಸೈನ್ ಮಾಡಿ ಸರ್' ಅಂತಾರೆ. ಆ ಸಹಿ ನಿಮ್ಮದು. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ಆದ ಮೇಲೆ ಕಂಪನಿ ತಕರಾರು ತೆಗೆಯುವಂತಿಲ್ಲ, ಆದರೆ ಎರಡನೇ ವರ್ಷದಲ್ಲೇ ಏನಾದರೂ ಆದರೆ ಆಸ್ಪತ್ರೆಯ ಹಳೇ ಚೀಟಿಗಳೆಲ್ಲ ಹೊರಗೆ ಬರುತ್ತವೆ. ಶುಗರ್ ಇದ್ದವರಿಗೆ ಇದೇ ಸುಲಭ ಅಂತ ಮೇಲೆ ಪರ ವಾದದಲ್ಲಿ ಬಂದಿದೆಯಲ್ಲ, ಒಪ್ಪುತ್ತೇನೆ, ಟರ್ಮ್ ಸಿಗದೇ ಇದ್ದವರು ಖಂಡಿತ ತಗೊಳ್ಳಲಿ, ಆ ಹಾಳೆಯನ್ನು ಮಾತ್ರ ತಾವೇ ತುಂಬಲಿ.

ಉಳಿದವರಿಗೆ, ಅದರಲ್ಲೂ ಮೂವತ್ತರ ಆಸುಪಾಸಿನ ಸಂಬಳದವರಿಗೆ, 1 ಕೋಟಿಯ ಟರ್ಮ್ ಪಾಲಿಸಿಯೇ ಸರಿ. ಹತ್ತು ವರ್ಷ ಕಟ್ಟಿದ ಮೇಲೆ ಸಾಲ ತಗೊಂಡವರು ತೀರಿಹೋದರೂ 35 ಲಕ್ಷ ಸಾಲಕ್ಕೆ ಕೊಟ್ಟು 65 ಲಕ್ಷ ಮನೆಯವರಿಗೆ ಉಳಿಯುತ್ತದೆ. ಬ್ಯಾಂಕಿನ ವಿಮೆಯಲ್ಲಿ ಮನೆ ಉಳಿಯುತ್ತದೆ, ರೇಷನ್‌ಗೆ, ಸ್ಕೂಲ್ ಫೀಸಿಗೆ ಏನು ಮಾಡಬೇಕು? ಮೈದುನನ ಭಯ ಇದ್ದರೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಿ. ತಗೊಳ್ಳುವಾಗಲೇ ಇನ್ನೊಂದು ಅರ್ಜಿ ತುಂಬಬೇಕು ಅಷ್ಟೆ. ಆಗ ದುಡ್ಡು ಹೆಂಡತಿ ಮಕ್ಕಳಿಗೆ ಮಾತ್ರ, ಗಂಡನಿಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ.

ಈಗಾಗಲೇ ಸಹಿ ಹಾಕಿದ್ದೀರಾ? ಸಾಲದ ಜೊತೆ ಕೊಡುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ (ಸಾಲದ ಬಡ್ಡಿ, ಖರ್ಚು ಎಲ್ಲಾ ಬರೆದ ಹಾಳೆ) ವಿಮೆಯ ಪ್ರೀಮಿಯಂ ಬೇರೆಯಾಗಿ ತೋರಿಸಿರಬೇಕು, ಹುಡುಕಿ. ಮೊದಲು ಟರ್ಮ್ ಪಾಲಿಸಿ ಕೈಗೆ ಬರಲಿ. ಆಮೇಲೆ, ಬ್ಯಾಂಕಿನ ವಿಮೆಯ ಸರ್ಟಿಫಿಕೇಟ್ ಬಂದು 30 ದಿನ ಆಗಿಲ್ಲದಿದ್ದರೆ, ಬೇಡ ಅಂತ ನೇರ ವಿಮಾ ಕಂಪನಿಗೇ ಮೇಲ್ ಮಾಡಿ, ಅಲ್ಪ ಸ್ವಲ್ಪ ಕಡಿತವಾಗಿ ಉಳಿದದ್ದು ವಾಪಸ್ ಬರುತ್ತದೆ. ಅದು ಸಾಲದ ಖಾತೆಗೆ ಜಮೆ ಆಯಿತಾ ನೋಡಿ, ಇಎಂಐ ಹಾಗೇ ಇದ್ದರೆ ಕಂತಿನ ಹೊಸ ಪಟ್ಟಿ ಕೇಳಿ ತಗೊಳ್ಳಿ.