ನನ್ನ ಪಾಲಿನ ಒಂದು ಲೀಟರು

ಮಗಳ ಮನೆಗೆಂದು ಸ್ಟಾಕ್‌ಹೋಮಿಗೆ ಹೊರಟಾಗ ಕುಮಟೆಯಿಂದ ಭಾವ ಫೋನು ಮಾಡಿ, "ಬರುವಾಗ ಒಂದು ಒಳ್ಳೆಯದು ತಾ" ಎಂದಿದ್ದರು. ಒಳ್ಳೆಯದು ಎಂದರೆ ಏನು ಎಂದು ನಮ್ಮ ಕುಟುಂಬದಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನಾನಂತೂ ಕುಡಿಯುವವನಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದು, ಎಷ್ಟೋ ಮಂದಿಯ ಬಡ್ತಿ, ವರ್ಗಾವಣೆ, ನಿವೃತ್ತಿಗಳ ಪಾರ್ಟಿಯಲ್ಲಿ ಹುರಿದ ಗೋಡಂಬಿ ಮಾತ್ರ ತಿಂದು ಎದ್ದು ಬಂದವನು. ಊಟವಾದ ಮೇಲೆ ಒಂದು ಕವಳ ಹಾಕುತ್ತೇನೆ, ಅದೂ ಹೊಗೆಸೊಪ್ಪಿಲ್ಲದೆ. ಇಂಥವನು ಬಾಲ್ಟಿಕ್ ಸಮುದ್ರದ ನಡುವೆ ಎರಡು ಕೈಯಲ್ಲಿ ಎರಡು ವಿಸ್ಕಿ ಬಾಟಲಿ ಹಿಡಿದು, ಯಾವುದು ಲಾಭ ಎಂದು ಕಾಲು ಗಂಟೆ ಲೆಕ್ಕ ಹಾಕಿದೆ ಎಂದರೆ ಅದರಲ್ಲಿ ಭಾವನ ಪಾಲು ಅರ್ಧ. ಉಳಿದರ್ಧ ಯಾರದು ಎಂಬುದೇ ಈಗಿನ ಪ್ರಶ್ನೆ.

ಮಗಳ ಊರಿನಲ್ಲಿ ಒಳ್ಳೆಯದನ್ನು ಕೊಳ್ಳುವುದು ಸಂಧ್ಯಾವಂದನೆಯಷ್ಟೇ ನೇಮದ ಕೆಲಸ. ಶೇಕಡಾ 3.5ಕ್ಕಿಂತ ಗಟ್ಟಿಯಾದದ್ದೆಲ್ಲ ಬಹುಮಟ್ಟಿಗೆ ಸಿಗುವುದು ಸಿಸ್ಟಮ್‌ಬೊಲಾಗೆಟ್ ಎಂಬ ಸರಕಾರಿ ಅಂಗಡಿಯಲ್ಲಿ. ಶನಿವಾರ ಮಧ್ಯಾಹ್ನ ಮೂರಕ್ಕೆ ಅದರ ಬಾಗಿಲು ಬಿತ್ತೆಂದರೆ ಮತ್ತೆ ತೆರೆಯುವುದು ಸೋಮವಾರ. ವಯಸ್ಸು ಇಪ್ಪತ್ತು ತುಂಬಿರಬೇಕು. ಎರಡು ಕೊಂಡರೆ ಒಂದು ಉಚಿತ ಎಂಬಂಥ ಮಾತು ಅಲ್ಲಿಲ್ಲ. ಅಳಿಯನ ಜೊತೆ ಒಮ್ಮೆ ಹೋಗಿದ್ದೆ. ಬೆಳಕು, ಶಿಸ್ತು, ತಗ್ಗಿದ ದನಿ, ದೇಶವಾರು ಜೋಡಿಸಿದ ಕಪಾಟು: ಸರದಿಯಲ್ಲಿ ನಿಂತಾಗ ಗ್ರಂಥಾಲಯದ ಪುಸ್ತಕ ಹಿಂದಿರುಗಿಸಲು ಬಂದಂತಾಯಿತು. ನಮ್ಮ ಎಂಎಸ್‌ಐಎಲ್ ಮಳಿಗೆಗಳೂ ಸರಕಾರದವೇ. ಅಲ್ಲಿ ಯಾರಿಗೂ ಗ್ರಂಥಾಲಯದ ನೆನಪಾಗದು.

ಈಗಿನದ್ದು ಸಡಿಲವಂತೆ. 1955ರವರೆಗೆ ಸ್ವೀಡನ್ನಿನಲ್ಲಿ ಮದ್ಯಕ್ಕೆ ಪಡಿತರ ಪುಸ್ತಕವಿತ್ತು. ‘ಮೂತ್‌ಬೂಕ್’ ಎಂದು ಅದರ ಹೆಸರು. ಕೊಂಡಾಗಲೆಲ್ಲ ಅದರಲ್ಲಿ ಗುರುತು ಹಾಕಿಸಬೇಕು. ಯಾರಿಗೆ ಎಷ್ಟು ಎಂಬುದು ಅವರವರ ಸ್ಥಿತಿಗತಿ ನೋಡಿ ನಿಗದಿಯಾಗುತ್ತಿತ್ತು. ಮದುವೆಯಾದ ಹೆಂಗಸಿಗೆ ಸಾಮಾನ್ಯವಾಗಿ ಪುಸ್ತಕವೇ ಸಿಗುತ್ತಿರಲಿಲ್ಲ. ಇದನ್ನು ಕೇಳಿ, ಏಕಾದಶಿಗೆ ನೀರನ್ನೂ ಅಳೆದು ಕುಡಿಯುವ ನನ್ನ ಹೆಂಡತಿ ಸಿಟ್ಟಾದಳು. "ಅದೇನು ಅನ್ಯಾಯ! ಕುಡಿಯುವುದು ಬಿಡುವುದು ನಮಗೆ ಸೇರಿದ್ದು. ಪುಸ್ತಕ ಕೊಡುವುದಕ್ಕೇನು?"

ಬೇಸಿಗೆಯ ರಜೆಗೆ ಹೆಲ್ಸಿಂಕಿಗೆ ಹಡಗಿನಲ್ಲಿ ಹೋಗಿಬರುವುದೆಂದು ತೀರ್ಮಾನವಾಯಿತು. ಎರಡು ರಾತ್ರಿ ಹಡಗಿನಲ್ಲಿ, ಒಂದು ಹಗಲು ದಡದಲ್ಲಿ. ಟಿಕೆಟಿನ ಬೆಲೆ ನೋಡಿದರೆ ಇವರು ಇದರಲ್ಲಿ ಹೇಗೆ ಬದುಕುತ್ತಾರೆ ಎಂದು ಬ್ಯಾಂಕಿನವನಾದ ನನಗೆ ಅನುಮಾನ ಬಂದಿತು. ಅಳಿಯ ನಕ್ಕ. "ಬದುಕುವುದು ಟಿಕೆಟಿನಲ್ಲಲ್ಲ ಮಾವ, ಅಂಗಡಿಯಲ್ಲಿ." ಆಮೇಲೆ ಊಟದ ಮೇಜಿನ ಮೇಲೆ ಅವನು ನಿಯಮಗಳನ್ನು ಹರಡಿದ. ತೆರಿಗೆಯಿಲ್ಲದೆ ತಲೆಗೊಂದು ಲೀಟರು ಗಟ್ಟಿ ಮದ್ಯ. ಅದು ಬೇಡವಾದರೆ ಶೇಕಡಾ 22ಕ್ಕಿಂತ ಗಟ್ಟಿಯಲ್ಲದ್ದು ಎರಡು ಲೀಟರು. ಅದರ ಮೇಲೆ ನಾಲ್ಕು ಲೀಟರು ವೈನು, ಹದಿನಾರು ಲೀಟರು ಬಿಯರು, 200 ಸಿಗರೇಟು. ನಾವು ನಾಲ್ಕು ತಲೆ. ಎಲ್ಲ ಸೇರಿಸಿದರೆ ಅರವತ್ತನಾಲ್ಕು ಲೀಟರು ಬಿಯರಿನ ಹಕ್ಕುದಾರರು! ಯಾರೂ ಬೇಡದೆ ಬಂದ ಈ ಐಶ್ವರ್ಯವನ್ನು ನೋಡುತ್ತ ನಾವು ಸಾರು ಅನ್ನ ಉಂಡೆವು.

ಇದರಲ್ಲಿ ಒಂದು ತೊಡಕಿದೆ. ಯುರೋಪ್ ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವವರಿಗೆ ತೆರಿಗೆರಹಿತ ಮಾರಾಟ 1999ರ ಜುಲೈ 1ರಂದೇ ನಿಂತುಹೋಗಿದೆ. ಸ್ವೀಡನ್ನೂ ಫಿನ್‌ಲೆಂಡೂ 1995ರಿಂದ ಒಕ್ಕೂಟದಲ್ಲಿವೆ. ಹಾಗಿದ್ದರೆ ಅಂಗಡಿ ನಡೆಯುವುದು ಹೇಗೆ? ಇವೆರಡರ ನಡುವೆ ಓಲಾಂಡ್ ಎಂಬ ದ್ವೀಪಸಮೂಹವಿದೆ. ಬಾವುಟ ಫಿನ್‌ಲೆಂಡಿನದೂ ಹೌದು, ತನ್ನದೂ ಹೌದು; ಆಡುವ ಭಾಷೆ ಸ್ವೀಡಿಷ್. ಯಾರಿಗೆ ಸೇರಬೇಕು ಎಂಬ ಜಗಳವನ್ನು 1921ರಲ್ಲಿ ರಾಷ್ಟ್ರಸಂಘ ಬಗೆಹರಿಸಿತು. ಸೈನ್ಯ ಇಡಬಾರದು ಎಂಬುದು ಅದಕ್ಕೂ ಹಳೆಯದು, 1856ರದು. ಅಂಚೆ ಚೀಟಿ ಕೂಡ ಬೇರೆ. ಒಕ್ಕೂಟ ಸೇರುವಾಗ ಈ ದ್ವೀಪದವರು, ಬರುತ್ತೇವೆ, ಆದರೆ ನಿಮ್ಮ ತೆರಿಗೆಯ ಹೊಸಿಲ ಹೊರಗೆ ನಿಲ್ಲುತ್ತೇವೆ ಎಂದು ಬರೆಸಿಕೊಂಡರು. ಪಂಕ್ತಿಯಲ್ಲಿ ಕೂರುತ್ತೇವೆ, ಮಡಿ ಮಾತ್ರ ನಮ್ಮದೇ ಎಂದ ಹಾಗೆ. ಹೀಗಾಗಿ 1999ರ ನಂತರವೂ ಹಡಗುಗಳು ಹೋಗುವಾಗ ಬರುವಾಗ ಓಲಾಂಡನ್ನು ಮುಟ್ಟಿಯೇ ಮುಂದೆ ಹೋಗುತ್ತವೆ. ಮುಟ್ಟಿದರೆ ಸಾಕು, ಬಾಟಲಿಗಳು ಶುದ್ಧ.

ಈ ಮುಟ್ಟುವುದನ್ನು ಕಣ್ಣಾರೆ ನೋಡಬೇಕೆಂದು ಮೊದಲ ರಾತ್ರಿ ನಾನು ನಿದ್ದೆಗೆಟ್ಟು ಮೇಲಿನ ಅಟ್ಟದಲ್ಲಿ ಕುಳಿತೆ. ಸ್ವೀಡನ್ನಿನ ಗಡಿಯಾರದಲ್ಲಿ ಹನ್ನೊಂದರ ಸುಮಾರು, ಫಿನ್‌ಲೆಂಡಿನದರಲ್ಲಿ ಮಧ್ಯರಾತ್ರಿ. ಜೂನಾದ್ದರಿಂದ ಆಕಾಶ ಪೂರ್ತಿ ಕಪ್ಪಾಗಿರಲಿಲ್ಲ, ಹಾಲು ಬೆರೆಸಿದ ಕಷಾಯದ ಬಣ್ಣದಲ್ಲಿತ್ತು. ಓಲಾಂಡಿನ ಮಾರಿಯೆಹಾಮ್ ಬಂದರಿನ ದೀಪಗಳು ಕಂಡವು. ಹತ್ತು ಅಂತಸ್ತಿನ ಹಡಗು ನಿಧಾನವಾಗಿ ತಿರುಗಿ, ದಡಕ್ಕೆ ಬೆನ್ನು ಕೊಟ್ಟು ನಿಂತಿತು. ಇಬ್ಬರು ಹಗ್ಗ ಹಿಡಿದರು. ಏಳೆಂಟು ಮಂದಿ ಇಳಿದರು, ಒಬ್ಬ ಸೈಕಲ್ಲು ತಳ್ಳಿಕೊಂಡು ಹತ್ತಿದ. ಉಳಿದ ಎರಡು ಸಾವಿರ ಜನ ಕುಣಿಯುತ್ತಲೋ ಗೊರಕೆ ಹೊಡೆಯುತ್ತಲೋ ಇದ್ದರು. ಹತ್ತು ನಿಮಿಷ ಕೂಡ ಆಗಿರಲಿಲ್ಲ, ಹಗ್ಗ ಬಿಚ್ಚಿದರು, ಹೊರಟೆವು.

ನನಗೆ ನೆನಪಾದದ್ದು ನಮ್ಮ ಮದುವೆಯ ಕಾಶೀಯಾತ್ರೆ. ಮದುಮಗ ಕೊಡೆ ಹಿಡಿದು, ಕೋಲು ಹಿಡಿದು, ಸಂಸಾರವೇ ಬೇಡ ಎಂಬಂತೆ ಹೊರಡುತ್ತಾನೆ. ಚಪ್ಪರದ ಕೊನೆಯ ಕಂಬದ ತನಕ. ಹೆಣ್ಣಿನ ಕಡೆಯವರು ಬಂದು ಕರೆದರೆಂದು ತಿರುಗುತ್ತಾನೆ. ಆತ ಕಾಶಿಗೆ ಹೋಗುವವನಲ್ಲ ಎಂದು ಆತನಿಗೂ ಗೊತ್ತು, ಪುರೋಹಿತರಿಗೂ ಗೊತ್ತು, ಅಡುಗೆಯವರು ಬಾಳೆ ಎಲೆ ಹಾಕಿಯೂ ಆಗಿರುತ್ತದೆ. ಆದರೂ ಆ ಹತ್ತು ಹೆಜ್ಜೆ ನಡೆಯದಿದ್ದರೆ ಶಾಸ್ತ್ರವಾಗುವುದಿಲ್ಲ. ಇಲ್ಲಿ ಸಾವಿರಾರು ಟನ್ನಿನ ಮದುಮಗ, ದಿನಕ್ಕೊಂದು ಕಾಶೀಯಾತ್ರೆ. ಶಾಸ್ತ್ರ ಬಿಟ್ಟವರು ಎಂದು ನಾವು ಇವರನ್ನು ಆಡಿಕೊಳ್ಳುತ್ತೇವಲ್ಲ!

ಹೆಲ್ಸಿಂಕಿಯ ಬಗ್ಗೆ ಹೆಚ್ಚು ಹೇಳಲಾರೆ, ಮಳೆ ಬಂದಿತು. ಒಂದೇ ಸಂಗತಿ ಮನಸ್ಸಿನಲ್ಲಿ ಉಳಿದಿದೆ. 1919ರಿಂದ ಅಲ್ಲಿ ಪಾನನಿಷೇಧವಿತ್ತು. ಅದರ ಫಲವಾಗಿ ಇದೇ ದ್ವೀಪಗಳ ಸಂದುಗೊಂದಿನಲ್ಲಿ ಕಳ್ಳ ದೋಣಿಗಳು ಡಬ್ಬಿಗಟ್ಟಲೆ ಸ್ಪಿರಿಟ್ ಸಾಗಿಸಿದವು. ಕೊನೆಗೆ ಸರಕಾರ ಸೋತು ತಾನೇ ಅಂಗಡಿ ತೆರೆಯಿತು. 1932ರ ಏಪ್ರಿಲ್ 5ರಂದು, ಬೆಳಿಗ್ಗೆ ಹತ್ತಕ್ಕೆ. ದಿನ, ತಿಂಗಳು, ವರ್ಷ, ಗಂಟೆ ಬರೆದು ನೋಡಿ: 5, 4, 32, 10. ಬಾಗಿಲು ತೆರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಗೋಕರ್ಣದ ಜೋಯಿಸರೂ ಇಡಲಾರರು.

ಮರಳುವ ಸಂಜೆ ಅಂಗಡಿಗೆ ಇಳಿದೆವು. ಬಾಗಿಲಲ್ಲಿ ಅತ್ತರು, ಆಮೇಲೆ ತೋಳುದ್ದದ ಚಾಕೊಲೇಟು, ಆಮೇಲೆ ಕಪ್ಪು ಪೆಪ್ಪರಮಿಂಟಿನ ರಾಶಿ. ಸಾಲ್ಮಿಯಾಕಿ ಎಂಬ ಈ ಪೆಪ್ಪರಮಿಂಟು ಉತ್ತರದವರ ಜೀವ. ಒಂದು ಬಾಯಿಗೆ ಹಾಕಿದೆ. ಜ್ಯೇಷ್ಠಮಧುವಿನ ಹಿಂದೆ ಒಂದು ಚುರುಕು ಉಪ್ಪು. ಎಲ್ಲೋ ಮೂಸಿದ ನೆನಪು. ಅಳಿಯ ಮೊಬೈಲಿನಲ್ಲಿ ಹುಡುಕಿ ಅಮೋನಿಯಂ ಕ್ಲೋರೈಡ್ ಎಂದಾಗ ಹೊಳೆಯಿತು. ನವಸಾಗರ! ನಮ್ಮ ಅಂಗಳದಲ್ಲಿ ಕುಳಿತು ಕಲಾಯಿ ಹಾಕುವವನು ಕಾದ ಪಾತ್ರೆಗೆ ಎರಚಿ ಹೊಗೆ ಎಬ್ಬಿಸುತ್ತಿದ್ದ ಅದೇ ನವಸಾಗರವನ್ನು ಇವರು ಮಕ್ಕಳಿಗೆ ಕೊಡುತ್ತಾರೆ, ವೋಡ್ಕಾಕ್ಕೂ ಬೆರೆಸುತ್ತಾರೆ. ಹೊಟ್ಟೆಗೂ ಕಲಾಯಿ ಬೇಕು ಎಂದಿರಬಹುದು.

ತಂಬಾಕಿನ ಮೂಲೆಯಲ್ಲಿ ಸ್ನೂಸ್ ಎಂಬುದಿತ್ತು. ಮುಲಾಮಿನ ಡಬ್ಬಿಯಂಥ ದುಂಡು ಡಬ್ಬಿಗಳು, ತಂಪುಪೆಟ್ಟಿಗೆಯಲ್ಲಿ. ಒಳಗೆ ಒದ್ದೆ ಹೊಗೆಸೊಪ್ಪಿನ ಪುಟ್ಟ ಪೊಟ್ಟಣ. ಮೇಲ್ದುಟಿಯ ಒಳಗೆ ಇಟ್ಟುಕೊಂಡು ಸಭೆಯಲ್ಲೂ ಕೂರಬಹುದು, ಉಗುಳುವ ಗೋಜಿಲ್ಲ. ಒಕ್ಕೂಟದಲ್ಲೆಲ್ಲ ಇದರ ಮಾರಾಟಕ್ಕೆ 1992ರಿಂದ ನಿಷೇಧ. ಸೇರುವಾಗ ವಿನಾಯಿತಿ ಕೇಳಿ ಪಡೆದ ಸ್ವೀಡನ್ ಒಂದಕ್ಕೆ ಮಾತ್ರ ಇಲ್ಲ. ಒಂದು ದೇಶ ಬಾಯೊಳಗಿನ ಚಟಕ್ಕಾಗಿ ಒಪ್ಪಂದದಲ್ಲಿ ಒಂದು ಕಲಮು ಬರೆಸಿತು ಎಂದರೆ, ಕವಳ ಹಾಕುವ ನನಗೆ ಗೌರವ ಉಂಟಾಯಿತು.

ಸುತ್ತ ಜನ ಮಡಿಸುವ ಕೈಗಾಡಿ ತಂದಿದ್ದರು. ಇಪ್ಪತ್ತನಾಲ್ಕು ಡಬ್ಬಿಗಳ ಬಿಯರು ಪೆಟ್ಟಿಗೆಗಳನ್ನು ಎರಡೆರಡು ಪೇರಿಸಿ ರಬ್ಬರು ಹಗ್ಗದಿಂದ ಬಿಗಿಯುತ್ತಿದ್ದರು. 33 ಸೆಂಟಿಲೀಟರಿನಂತೆ ಎರಡು ಪೆಟ್ಟಿಗೆಗೆ 15.84 ಲೀಟರು. ಹದಿನಾರರ ಮಿತಿಗೆ ಒಂದು ಲೋಟವೂ ಉಳಿಯದಂತೆ ಹೊಂದಿಸಿದ್ದರು. ಕುಡಿಯುವ ಆಸೆಗಿಂತ ಲೆಕ್ಕ ಸರಿಹೋದ ನೆಮ್ಮದಿಯೇ ಆ ಮುಖಗಳಲ್ಲಿ ಕಂಡಿತು. ಮಾರ್ಚ್ ಮೂವತ್ತೊಂದರ ರಾತ್ರಿ ಅಂಥ ಮುಖಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಅಳಿಯ ತನ್ನದೊಂದು, ಮಗಳ ಲೆಕ್ಕದಲ್ಲೊಂದು ಬಾಟಲಿ ಎತ್ತಿಕೊಂಡ. "ಅತ್ತೆಯ ಲೆಕ್ಕದಲ್ಲಿ ಭಾವನವರಿಗೆ ಒಂದು. ಆಯಿತಲ್ಲ ಮಾವ?" ಆಗಬೇಕಿತ್ತು. ಆದರೆ ನನ್ನ ಒಂದು ಲೀಟರು ಕಪಾಟಿನಲ್ಲೇ ಉಳಿಯುತ್ತದೆ ಎಂಬುದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಅಂಕೋಲೆಯಲ್ಲಿ ನಾವು ಸಣ್ಣವರಿದ್ದಾಗ ಆಯಿ ಸೊಸೈಟಿಯ ರೇಷನ್ನನ್ನು ಒಂದು ತಿಂಗಳೂ ಬಿಟ್ಟವಳಲ್ಲ. ಬೇಡದ ಗೋಧಿ, ಬೇಡದ ಪಾಮೋಲಿನ್, ಎಲ್ಲವನ್ನೂ ಸರದಿಯಲ್ಲಿ ನಿಂತು ತಂದು ಯಾರಿಗಾದರೂ ಕೊಡುತ್ತಿದ್ದಳು. ಯಾಕೆ ಎಂದರೆ, "ಪಾಲು ಬಿಡಬಾರದು. ಬಿಟ್ಟರೆ ಇವರಿಗೆ ಬೇಡ ಎಂದು ಹೆಸರೇ ಹೊಡೆದು ಹಾಕುತ್ತಾರೆ" ಎನ್ನುತ್ತಿದ್ದಳು. ಚೀಟಿಯಲ್ಲಿ ಹೆಸರಿರುವುದೇ ಆಕೆಗೆ ಆಸ್ತಿ. ಆ ಮಾತು ಐವತ್ತು ವರ್ಷ ಎಲ್ಲಿ ಅಡಗಿತ್ತೋ, ಬಾಲ್ಟಿಕ್ ಸಮುದ್ರದಲ್ಲಿ ಎದ್ದು ಬಂದಿತು. ಎರಡು ಬಾಟಲಿ ಕೈಗೆತ್ತಿಕೊಂಡೆ. ಎಡಗೈಯದು 70 ಸೆಂಟಿಲೀಟರು, ಬಲಗೈಯದು ಸರಿಯಾಗಿ ಒಂದು ಲೀಟರು. ಕ್ರೋನಾವನ್ನು ಲೀಟರಿಗೆ ಭಾಗಿಸಿ, ರೂಪಾಯಿಗೆ ಗುಣಿಸಿ, ಬಲಗೈಯದನ್ನು ಬುಟ್ಟಿಗೆ ಇಟ್ಟೆ. ಹೆಂಡತಿ ನೋಡಿದಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಪಾಲಿನ ಬಿಯರಿಗೆ ಬದಲಾಗಿ ಚಾಕೊಲೇಟು ಕೊಡುತ್ತಾರೆಯೇ, ಕೇಳಿ" ಎಂದಳು.

ಸ್ಟಾಕ್‌ಹೋಮಿನಲ್ಲಿ ಇಳಿದಾಗ ರಸೀತಿಯನ್ನು ಕೈಯಲ್ಲೇ ಹಿಡಿದಿದ್ದೆ. ಯಾರೂ ಕೇಳಲಿಲ್ಲ. ಗಡಿ ಎಂದರೆ ನನಗೆ ಗೊತ್ತಿದ್ದದ್ದು ಮಾಜಾಳಿ. ಮಡಗಾಂವಿನಿಂದ ಕಾರವಾರಕ್ಕೆ ಬರುವ ಬಸ್ಸು ಅಲ್ಲಿ ನಿಂತರೆ ಎಲ್ಲರ ಮಾತೂ ನಿಲ್ಲುತ್ತಿತ್ತು. ಗೋವೆಯ ಅಗ್ಗದ ಬಾಟಲಿ ಯಾರ ಮೀನಿನ ಬುಟ್ಟಿಯ ತಳದಲ್ಲಿದೆ, ಯಾರ ಮಗುವಿನ ತೊಟ್ಟಿಲ ಬಟ್ಟೆಯಲ್ಲಿದೆ ಎಂದು ಅಬಕಾರಿಯವರು ಹುಡುಕುವಾಗ, ಏನೂ ಇಲ್ಲದ ನಮ್ಮ ಎದೆಯೂ ಹೊಡೆದುಕೊಳ್ಳುತ್ತಿತ್ತು. ಇಲ್ಲಿ ಹಸಿರು ಬಾಗಿಲು, ಗಾಜು, ಖಾಲಿ ಮೇಜು. ಇಷ್ಟೊಂದು ಪ್ರಾಮಾಣಿಕನಾಗಿ ಬಂದದ್ದು ವ್ಯರ್ಥವಾಯಿತು ಎನಿಸಿತು.

ಭಾರತಕ್ಕೆ ಮರಳುವಾಗಿನ ಲೆಕ್ಕ ಬೇರೆ: ಮದ್ಯ ತಲೆಗೆ ಎರಡು ಲೀಟರು, ಸಿಗರೇಟು 100 ಮಾತ್ರ. ಭಾವನದೊಂದು, ನನ್ನದೊಂದು, ಹೆಂಡತಿ ಎರಡನ್ನೂ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಕಟ್ಟಿದ್ದಳು. ನನ್ನದನ್ನು ಯಾರಿಗೆ ಕೊಡುವುದು ಎಂದು ವಿಮಾನದಲ್ಲೂ ತೀರ್ಮಾನವಾಗಿರಲಿಲ್ಲ. ಅಂಕೋಲೆಗೆ ಹತ್ತಿರವೆಂದು ಗಲ್ಫ್ ಮಾರ್ಗವಾಗಿ ಗೋವೆಗೇ ಬಂದಿಳಿದೆವು. ಅಲ್ಲಿಯೂ ಹಸಿರು ದಾರಿ, ಅಲ್ಲಿಯೂ ಯಾರೂ ಕೇಳಲಿಲ್ಲ.

ಟ್ಯಾಕ್ಸಿ ಪೋಳೆ ದಾಟಿ ಮಾಜಾಳಿಗೆ ಬಂದಾಗ ಸಂಜೆಯಾಗಿತ್ತು. ಒಬ್ಬ ತರುಣ ಕೈ ಅಡ್ಡ ಮಾಡಿದ. ಬಹಳ ವಿನಯದವನು. "ಬಾಟಲಿ ಇದೆಯೇ ಸರ್?" ಎಂದ.

ಇಷ್ಟು ದಿನದ ಮೇಲೆ ಒಬ್ಬನಾದರೂ ಕೇಳಿದನಲ್ಲ! ನಾನು ಕೆಳಗಿಳಿದೆ. ಪೆಟ್ಟಿಗೆ ತೆರೆದೆ. ಸೀರೆ ಬಿಚ್ಚಿದೆ. ರಸೀತಿ ತೋರಿಸಿದೆ, ಪಾಸ್‌ಪೋರ್ಟು ತೋರಿಸಿದೆ, ತಲೆಗೆ ಎಷ್ಟು ಎಂಬ ನಿಯಮವನ್ನೂ ಹೇಳಿದೆ. ಆತ ಸ್ವೀಡಿಷ್ ರಸೀತಿಯನ್ನು ತಿರುಗಿಸಿ ನೋಡಿ, "ಎಲ್ಲಿ ತೆಗೆದುಕೊಂಡದ್ದು ಸರ್?" ಎಂದ.

"ಓಲಾಂಡ್."

ಆತ ಒಂದು ಕ್ಷಣ ಯೋಚಿಸಿದ. "ಅದು ಗೋವೆಯಲ್ಲಿ ಎಲ್ಲಿ ಬರುತ್ತದೆ? ಕಾಣಕೋಣದ ಹತ್ತಿರವೇ?"

ನಾನು 1921ರಿಂದ ಶುರು ಮಾಡುವವನಿದ್ದೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, "ಕಾಣಕೋಣದಿಂದ ಸ್ವಲ್ಪ ಆಚೆ" ಎಂದಳು.