ಮಾವ ಒಬ್ಬರೇ ಮಾಟುಂಗಕ್ಕೆ ಹೋಗಿಬಂದರು

ಶಿರಸಿಯಿಂದ ಮಾವ ಮುಂಬಯಿಯ ನಮ್ಮ ಮನೆಗೆ ಬಂದಿದ್ದರು. ಕುಮಟೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಬೆಳಗ್ಗೆ ಠಾಣೆಯಲ್ಲಿ ಇಳಿದರು. ಮಾಟುಂಗದಲ್ಲಿರುವ ಹಳೇ ಸ್ನೇಹಿತರನ್ನು ನೋಡಬೇಕು ಅಂದರು. ನನಗೆ ಆಫೀಸು. ಭಾನುವಾರ ಕರೆದುಕೊಂಡು ಹೋಗ್ತೇನೆ, ಅಲ್ಲಿಯವರೆಗೆ ಎಲ್ಲೂ ಹೊರಡಬೇಡಿ ಅಂದೆ. ಸಂಜೆ ಮನೆಗೆ ಬಂದರೆ ಮಾವ ಆಗಲೇ ಹೋಗಿಬಂದು ಚಾ ಕುಡಿಯುತ್ತಾ ಕೂತಿದ್ದರು! ಎಪ್ಪತ್ತು ದಾಟಿದವರು. ಹಿಂದಿ ಅಷ್ಟಕ್ಕಷ್ಟೆ. "ಎಲ್ಲಾ ಬರೆದಿಟ್ಟಿದ್ದಾರಲ್ಲ ಮಾರಾಯಾ, ಓದಿದ್ರೆ ಆಯ್ತು" ಅಂದರು.

ನನಗೆ ಖುಷಿಯಾಯಿತು. ಆಮೇಲೆ ನಮ್ಮ ಊರಿನ ಮೇಲೆ ಸಿಟ್ಟೂ ಬಂತು.

ಮುಂಬಯಿಯ ಲೋಕಲ್ ಸ್ಟೇಷನ್ನಿನಲ್ಲಿ ತಲೆ ಎತ್ತಿದರೆ ಇಂಡಿಕೇಟರ್ ಕಾಣುತ್ತದೆ. ಗಾಡಿ ಎಲ್ಲಿಯವರೆಗೆ, ಎಷ್ಟು ಗಂಟೆಗೆ, ಸ್ಲೋನೋ ಫಾಸ್ಟೋ, ಡಬ್ಬಿ 12 ಇದೆಯೋ 15 ಇದೆಯೋ, ಎಲ್ಲವೂ ಅದರಲ್ಲಿದೆ. ಮಾಟುಂಗದಲ್ಲಿ ಸಾಮಾನ್ಯವಾಗಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ. ಮಾವ ಎಸ್ ಅಕ್ಷರ ನೋಡಿಕೊಂಡು ಸ್ಲೋ ಗಾಡಿಯನ್ನೇ ಹತ್ತಿದ್ದಾರೆ. ಒಳಗೆ ಮುಂದಿನ ಸ್ಟೇಷನ್ ಯಾವುದೆಂದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತದೆ. ಮಾಟುಂಗಕ್ಕಿಂತ ಒಂದು ಸ್ಟೇಷನ್ ಮೊದಲು ಬರುವ ಶೀವ್ (ಸಾಯನ್) ಅಂದ ಕೂಡಲೇ ಎದ್ದು ಬಾಗಿಲ ಹತ್ತಿರ ಬಂದರಂತೆ. ಬೆಸ್ಟ್ ಎಂಬ ಇಲ್ಲಿನ ಸಿಟಿ ಬಸ್ಸಿಗೂ ನಂಬರ್ ಇದೆ. ಆಟೋ ಹತ್ತಿದರೆ ಮೀಟರ್ ಹಾಕುತ್ತಾರೆ, ಶುರುವಿನ ದರ 26 ರೂಪಾಯಿ. ಬಾಂದ್ರಾ, ಶೀವ್ ದಾಟಿ ದಕ್ಷಿಣಕ್ಕೆ ಆಟೋ ಬರುವುದಿಲ್ಲ, ಅಲ್ಲಿಂದ ಮುಂದೆ ಟ್ಯಾಕ್ಸಿ. ಇಷ್ಟು ತಿಳಿದರೆ ಹೊಸಬರಿಗೂ ದಾರಿ ತಪ್ಪುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ.

ನನ್ನ ಮರಾಠಿ ಸಹೋದ್ಯೋಗಿಯೊಬ್ಬರು ಶಿರಸಿ ಜಾತ್ರೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟರು. ನಾನೇ ವರ್ಷಗಟ್ಟಲೆ ಹೇಳಿ ಹೇಳಿ ಹೊರಡಿಸಿದ್ದು. ಕರಾವಳಿಯ ಸ್ಟೇಷನ್ನೊಂದರಲ್ಲಿ ಇಳಿದರೆ ಊರಿಗೆ ಬಸ್ಸು ಯಾವಾಗ ಅಂತ ಎಲ್ಲೂ ಬರೆದಿಲ್ಲ. ಆಟೋದವರು ಬಾಯಿಗೆ ಬಂದಷ್ಟು ಕೇಳಿದರು, ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಸಾಲಾಗಿ ಬಸ್ಸು ನಿಂತಿವೆ. ಎಲ್ಲಕ್ಕೂ ಕನ್ನಡದ ಬೋರ್ಡು. ನಂಬರ್ ಇಲ್ಲ. ಶಿರಸಿ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಅವರು ಫೋನ್ ಮಾಡಿದಾಗ ಹಿಂದೆ ಮಗು ಅಳುವುದು ಕೇಳುತ್ತಿತ್ತು. ನಾನು ಇಲ್ಲಿ ಆಫೀಸಿನಲ್ಲಿ ಕೂತು, ಬೋರ್ಡಿನ ಫೋಟೋ ಕಳಿಸಿ ಅಂತ ಹೇಳಿ, ಓದಿ, ಹತ್ತಿಸಿದೆ. ನಾಚಿಕೆಯಾಯಿತು ನನಗೆ.

ಬೋರ್ಡು ಕನ್ನಡದಲ್ಲೇ ಇರಲಿ, ದೊಡ್ಡದಾಗಿಯೇ ಇರಲಿ. ಹೊರನಾಡಿನಲ್ಲಿ ಇರುವವರಿಗೆ ಆ ಅಕ್ಷರ ಕಂಡರೆ ಎಷ್ಟು ಹಿತ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಪಕ್ಕದಲ್ಲಿ ಒಂದು ನಂಬರ್ ಹಾಕಲು ಏನು ಕಷ್ಟ? ಕಾರವಾರ ಸ್ಟೇಷನ್ ಇರುವುದು ಊರ ಹೊರಗೆ ಶಿರವಾಡದಲ್ಲಿ. ಗೋಕರ್ಣ ರೋಡ್ ಸ್ಟೇಷನ್ನಿನಿಂದ ಗೋಕರ್ಣಕ್ಕೆ ಸುಮಾರು 10 ಕಿಲೋಮೀಟರ್. ಶಿರಸಿಗಂತೂ ರೈಲೇ ಇಲ್ಲ, ಕುಮಟೆಯಿಂದ ಘಟ್ಟ ಹತ್ತಬೇಕು. ಕೊಂಕಣ ರೈಲು 1998ರಲ್ಲೇ ಪೂರ್ತಿ ಓಡಲು ಶುರುವಾಗಿದೆ. ಇಳಿದವರು ಮುಂದೆ ಹೇಗೆ ಹೋಗಬೇಕು ಎಂಬುದನ್ನು ಬರೆದು ಹಾಕುವ ಕೆಲಸ ಮಾತ್ರ ಇನ್ನೂ ಆಗಿಲ್ಲ.

ನನಗೆ ಅನಿಸುವುದು ಇಷ್ಟು. ಮುಂಬಯಿಗೆ ದಿನಾ ಯಾರಾದರೂ ಹೊಸಬರು ಬರುತ್ತಲೇ ಇರುತ್ತಾರೆ, ಅದಕ್ಕೇ ಅಲ್ಲಿ ಎಲ್ಲ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಏಳೂವರೆ ಬಸ್ಸು ಯಾವುದು, ಅದು ಎಲ್ಲಿ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿದೆ ಅಂದುಕೊಂಡೇ ನಡೆಯುತ್ತದೆ. ಗೊತ್ತಿಲ್ಲದವರು ಕೇಳಲಿ ಅಂತ. ಕೇಳಲು ಭಾಷೆ ಬೇಕಲ್ವಾ?

ಮುಂಬಯಿಯನ್ನು ಸುಮ್ನೆ ಹೊಗಳುತ್ತಿಲ್ಲ. ಮಾವ ಹೊರಟಿದ್ದು ಹನ್ನೊಂದು ಗಂಟೆಗೆ. ಎಂಟೂವರೆಗೆ ಹೋಗಿದ್ದರೆ ಬಾಗಿಲ ಹತ್ತಿರವೂ ಸುಳಿಯಲು ಆಗುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಅವರೇ ಹೇಳಿದರು. ಹೋಗುವಾಗ ಬರುವಾಗ ಪಕ್ಕದಲ್ಲಿ ಕೂತವರು ಒಬ್ಬರೂ ಯಾವೂರು ಅಂತ ಕೇಳಲಿಲ್ಲವಂತೆ. ಅವರಿಗೆ ಅದು ಬೇಜಾರಾಗಿತ್ತು.

ನನ್ನ ಸಹೋದ್ಯೋಗಿಯ ಕತೆ ಬಸ್ ಸ್ಟ್ಯಾಂಡಿಗೆ ಮುಗಿಯಲಿಲ್ಲ, ಅದನ್ನೂ ಹೇಳಬೇಕು. ಬಸ್ಸಿನಲ್ಲಿ ಕಂಡಕ್ಟರು ಮಕ್ಕಳಿಗೆ ಕಿಟಕಿ ಪಕ್ಕ ಸೀಟು ಮಾಡಿಕೊಟ್ಟರು. ಶಿರಸಿಯಲ್ಲಿ ಇಳಿದಾಗ ಲಾಡ್ಜುಗಳೆಲ್ಲ ತುಂಬಿದ್ದವು. ಬಸ್ಸಿನಲ್ಲಿ ಪರಿಚಯವಾದ ಅಮ್ಮ ಒಬ್ಬರು ಅವರನ್ನು ತಮ್ಮ ಮನೆಗೇ ಕರೆದುಕೊಂಡು ಹೋದರು. ಕುಡಿಯಲು ಆಸರಿಗೆ ಕೊಟ್ಟು, ಊಟ ಹಾಕಿ, ರಾತ್ರಿ ಉಳಿಸಿಕೊಂಡರು. ಮುಂಬಯಿಯಲ್ಲಿ ಇಂಥದ್ದು ನಡೆದದ್ದನ್ನು ನಾನು ಕಂಡಿಲ್ಲ. ಸಹೋದ್ಯೋಗಿಯ ಮಕ್ಕಳು ಈಗಲೂ ಜಾತ್ರೆಗಿಂತ ಜಾಸ್ತಿ ಆ ಮನೆಯ ಬಗ್ಗೆಯೇ ಮಾತಾಡುತ್ತಾರೆ.

ಅದೆಲ್ಲ ಇರಲಿ, ಹಾಗೇ ಇರಲಿ. ಮುಂದಿನ ಜಾತ್ರೆಗೆ ಇನ್ನೂ ಸಮಯವಿದೆ. ಅಷ್ಟರಲ್ಲಿ ಕುಮಟೆ, ಗೋಕರ್ಣ ರೋಡ್, ಕಾರವಾರ ಸ್ಟೇಷನ್ನುಗಳ ಹೊರಗೆ ಬಸ್ಸಿನ ಹೊತ್ತು ಬರೆದ ಒಂದೊಂದು ಬೋರ್ಡು ಹಾಕಲಿ. ಬಸ್ಸುಗಳಿಗೆ ನಂಬರ್ ಕೊಡಲಿ.